ಕೊಬ್ಬಿಗೆ ಮರೆವಿಲ್ಲ

“ಇದರೊಳಗೆ ಏನು ಸತ್ತಿದೆ?”

ಪಾದ್ರಿ ಕ್ಯುರೆಲ್ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಆಗಷ್ಟೇ ಬಿಚ್ಚಿತ್ತು. ಆಶೀರ್ವಾದಕ್ಕೆಂದು ಎತ್ತಿದ ಅವರ ಕೈ ಗಾಳಿಯಲ್ಲೇ ನಿಂತಿತ್ತು.

ಮರುಕ್ಷಣ ನಾತ ನೆಲಮಾಳಿಗೆಯನ್ನೆಲ್ಲ ತುಂಬಿತು. ಕಮಟು. ಹಳೆಯ ಎಣ್ಣೆ, ಒದ್ದೆ ನಾಯಿ, ಕೊಳೆತ ಹೂವು ಮೂರೂ ಒಂದೇ ಬಾಯಲ್ಲಿ ಉಸಿರು ಬಿಟ್ಟಂತೆ. ನನ್ನ ಕೈಯಲ್ಲಿದ್ದ ಪವಿತ್ರ ಜಲದ ಬಕೆಟ್ಟು ನೆಲಕ್ಕೆ ಬಿತ್ತು. ಪಾದ್ರಿಗಳು ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಮಾಲೀಕ ಲಾಂಗ್ಲಾದ್ ಹಿಂದೆ ಸರಿಯುವ ಭರದಲ್ಲಿ ಕ್ಲೇಲಿಯಾಳ ಕಾಲು ತುಳಿದ. ಕ್ಯಾಮೆರಾ ಹಿಡಿದಿದ್ದ ಅವಳು ಅಲಂಕಾರದ ಗುಲಾಬಿ ಬುಟ್ಟಿಗೆ ಬಗ್ಗಿ ವಾಂತಿ ಮಾಡಿದಳು.

ಸಿಲ್ವೇರ್ ಒಬ್ಬನೇ ಅಲುಗಲಿಲ್ಲ. ಭರಣಿಯ ಮೇಲೆ ಬಾಗಿದ್ದವನು ಬಾಗಿಯೇ ಇದ್ದ. ಎರಡು ಬೆರಳಿನಲ್ಲಿ ಬಾಲ ಹಿಡಿದು ಮೇಲೆತ್ತಿದ — ಸತ್ತ ಇಲಿ. ಹೊಟ್ಟೆಗೆ ಅಂಟಿದ್ದ ಹಳದಿ ಕೊಬ್ಬು ಮತ್ತೆ ಭರಣಿಗೇ ತೊಟ್ಟಿಕ್ಕಿತು.

ಎಂಥ ಎದೆಗಾರ, ಎಂದುಕೊಂಡೆ ನಾನು.

ಆ ಕೊಬ್ಬಿನ ವಿಷಯ ಹೇಳಬೇಕು. ಅತ್ತರಿಗೆ ಹೆಸರಾದ ನಮ್ಮೂರು ಗ್ರಾಸ್‌ನಲ್ಲಿ ಮೊರೆಸ್ತಿಯೇ ಎಂಬ ಅತ್ತರಿನ ಮನೆ ಬಾಗಿಲು ಹಾಕಿ ಇಪ್ಪತ್ತೆಂಟು ವರ್ಷವಾಗಿತ್ತು. ಪ್ಯಾರಿಸ್ಸಿನ ಲಾಂಗ್ಲಾದ್ ಅದನ್ನು ಕೊಂಡು, ಹಳೆಯ ಕಸುಬಿಗೆ ಮತ್ತೆ ಜೀವ ಕೊಡುತ್ತೇನೆಂದು ಸಾರಿದ. ಗಾಜಿನ ಚೌಕಟ್ಟಿಗೆ ಶುದ್ಧ ಮಾಡಿದ ಕೊಬ್ಬು ಸವರಿ, ಅದರ ಮೇಲೆ ಜಾಜಿ ಹೂವನ್ನು ಒಂದೊಂದಾಗಿ ಹಾಸುವುದು. ಮರುದಿನ ಬಾಡಿದ ಹೂ ತೆಗೆದು ಹೊಸದು ಹಾಸುವುದು. ಎರಡು ತಿಂಗಳು ಹೀಗೆ. ಕೊನೆಗೆ ಕೊಬ್ಬೇ ಹೂವಾಗಿಬಿಡುತ್ತದೆ. ಆ ವರ್ಷದ ಜಾಜಿಯೆಲ್ಲ ಏಳು ಭರಣಿಯಲ್ಲಿತ್ತು. ಮೇಲಿನ ಅಂಗಳದಲ್ಲಿ ಪ್ಯಾರಿಸ್ಸಿನ ನಲವತ್ತು ಅತಿಥಿಗಳು ಅದರ ಮೊದಲ ಸುವಾಸನೆಗೆ ಕಾದಿದ್ದರು.

“ಬೀಗದ ಕೈ ಇರೋದು ಇಬ್ಬರ ಹತ್ತಿರ,” ಎಂದ ಸಿಲ್ವೇರ್. ಇಲಿ ಇನ್ನೂ ಅವನ ಕೈಯಲ್ಲೇ ತೂಗುತ್ತಿತ್ತು. “ಒಂದು ನನ್ನದು. ಇನ್ನೊಂದು…” ಅವನು ಬಾಗಿಲ ಕಡೆ ನೋಡಿದ.

ಬಾಗಿಲಲ್ಲಿ ಓನೊರಿನ್ ನಿಂತಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು. ಬಾಟಲಿಗೆ ಕಟ್ಟುವ ರೇಷ್ಮೆ ಪಟ್ಟಿ ಹೆಗಲ ಮೇಲೆ, ಹಳೆಯ ಬೀಗದ ಕೈ ಸೊಂಟದಲ್ಲಿ. ತಾಯಿಯಿಂದ ಈ ಕೆಲಸ ಕಲಿತವಳು. ಊರಿನಲ್ಲಿ ಚೌಕಟ್ಟಿನ ಕೆಲಸ ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ. ಸಿಲ್ವೇರ್ ಅವಳ ಅಕ್ಕನ ಮಗ. ತಾಯಿ ಸತ್ತ ಮೇಲೆ ಅವನನ್ನು ಸಾಕಿ, ಕಣ್ಣು ಕಟ್ಟಿ ಹೂ ಮೂಸಿಸಿ, ವಾಸನೆ ಕಲಿಸಿದವಳೂ ಅವಳೇ. ಈಗ ಅವನು ಈ ಮನೆಯ ಸುಗಂಧ ಹೆಣೆಯುವವನು. ಅಂಥವನನ್ನು ನಮ್ಮೂರಲ್ಲಿ ‘ಮೂಗು’ ಎಂದೇ ಕರೆಯುತ್ತಾರೆ.

“ಚಿಕ್ಕಮ್ಮ, ಸೆಪ್ಟೆಂಬರಿನಲ್ಲಿ ನಿನ್ನನ್ನ ಪಟ್ಟಿ ಕಟ್ಟೋ ಕೆಲಸಕ್ಕೆ ಹಾಕಿದ್ದಕ್ಕೆ ಇಷ್ಟು ಸೇಡಾ?”

ಓನೊರಿನ್ ಸೊಂಟದಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು.

“ಪೊಲೀಸರನ್ನ ಕರೀತೀನಿ,” ಎಂದ ಲಾಂಗ್ಲಾದ್, ಕರವಸ್ತ್ರದ ಹಿಂದಿನಿಂದ. “ಈ ಹೆಂಗಸಿಗೆ ಇನ್ನು ಈ ಊರಲ್ಲಿ ಯಾರೂ ಹೂ ಬಿಡಿಸೋ ಕೆಲಸಾನೂ ಕೊಡಬಾರದು. ಹಾಗೆ ಮಾಡ್ತೀನಿ.”

“ಪೊಲೀಸು ಇಲ್ಲೇ ಇದೆ,” ಎಂಬ ದನಿ ಬಂತು. “ನಿವೃತ್ತಿ ಆಗಿರೋದು, ಮಂಡಿನೋವಿರೋದು. ಆದ್ರೂ ಪೊಲೀಸೇ. ಒಂದು ಗಂಟೆ ಕೊಡಿ, ಮೊಸ್ಯು.”

ಪಾದ್ರಿಗಳ ಅಕ್ಕ, ಅರ್ಮಾಂದ್. ನೀಸ್ ನಗರದ ಪೊಲೀಸಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ತಮ್ಮನ ಜೊತೆ ಊಟದ ಆಸೆಗೆ ಬಂದಿದ್ದರು. ಅವರೂ ಮೂಗು ಮುಚ್ಚಿಕೊಂಡಿರಲಿಲ್ಲ. ಆದರೆ ಅದರ ಕಾರಣ ನಮಗೆಲ್ಲ ಗೊತ್ತು — ಎರಡು ವರ್ಷದ ಹಿಂದೆ ಬಂದ ಜ್ವರ ಅವರ ವಾಸನೆಯ ಶಕ್ತಿಯನ್ನೇ ಕಿತ್ತುಕೊಂಡು ಹೋಗಿತ್ತು.

“ಅಕ್ಕಾ, ನಿಂಗೆ ನಾತವೇ ಗೊತ್ತಾಗಲ್ಲ. ನೀನೇನು ಹುಡುಕ್ತೀಯ?” ಎಂದರು ಪಾದ್ರಿಗಳು.

“ಅದಕ್ಕೇ ಕಣೋ. ನೀವೆಲ್ಲ ಮೂಗು ಹಿಡ್ಕೊಂಡು ಕಣ್ಣು ಮುಚ್ಚಿದ್ರಿ. ನಾನು ನಿಮ್ಮ ಮುಖ ನೋಡ್ತಾ ಇದ್ದೆ.” ನನ್ನ ಕಡೆ ತಿರುಗಿದರು. “ಬ್ಲೇಸ್, ಇವತ್ತು ನೀನು ನನ್ನ ಮೂಗು. ಬಾ.”

ನಾನು ಇಗರ್ಜಿಯ ಗಂಟೆ ಬಾರಿಸುವವನು. ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಷ್ಟೇ ನನಗೆ ಬರುವ ವಿದ್ಯೆ. ಕೊಳಕನ್ನು ಮೂಸುವುದಕ್ಕೆ ಹುಟ್ಟಿದವನಲ್ಲ. ಆದರೂ ಹೋದೆ.

ಎಲ್ಲರೂ ಮೇಲೆ ಹೋದ ಮೇಲೆ ಉಳಿದ ಆರು ಭರಣಿಗಳನ್ನು ಬಿಚ್ಚಿದೆವು.

“ಇಲಿ?”

“ಇಲ್ಲ, ಮದಾಮ್. ಒಂದರಲ್ಲೂ ಇಲ್ಲ.”

“ನಾತ?”

ನನಗೆ ಕಣ್ಣಲ್ಲಿ ನೀರು ಬಂದಿತ್ತು. “ಎಲ್ಲದರಲ್ಲೂ. ಒಂದೇ ಸಮ.” ಕೊಬ್ಬಿನ ಮೇಲೆ ಅಲ್ಲಲ್ಲಿ ಬೂದು ಬಣ್ಣದ ಬೂಷ್ಟು. ಅಡಿಯಲ್ಲೆಲ್ಲೋ ಸಿಕ್ಕಿಕೊಂಡ ಜಾಜಿಯ ಕಂಪು, ಹೆಣದ ಕೊರಳಿಗೆ ಹಾಕಿದ ಹಾರದ ಹಾಗೆ. ಮಲಗಲು ಹೋದಾಗಲೂ ಅದು ನನ್ನ ಗಂಟಲಲ್ಲಿ ಇರುತ್ತದೆಂದು ಆಗಲೇ ಗೊತ್ತಾಯಿತು.

ಅರ್ಮಾಂದ್, ಬಡಗಿ ಮರದ ತುಂಡನ್ನು ನೋಡುವ ಹಾಗೆ, ಇಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ಸತ್ತು ಎರಡು ದಿನ ಆಗಿರಬಹುದು. ಮೈ ಇನ್ನೂ ಕೊಳೆತಿಲ್ಲ. ಕೊಬ್ಬು ಹೀಗಾಗೋಕೆ ಎಷ್ಟು ದಿನ ಬೇಕು?”

“ವಾರಗಟ್ಟಲೆ.”

“ಅಂದ್ರೆ ನಾತ ಮೊದಲು, ಇಲಿ ಆಮೇಲೆ.” ಮೊದಲ ಭರಣಿಗೆ ಬೆರಳು ತೋರಿಸಿದರು. “ಇಲಿ ಒಳಗೆ ಬಿದ್ದು ಒದ್ದಾಡಿದ್ರೆ ಕೆರೆದ ಗುರುತಿರುತ್ತೆ. ಇಲ್ಲಿ ನೋಡು. ಯಾರೋ ಮೆಲ್ಲಗೆ ಮಲಗಿಸಿ, ಸುತ್ತ ಬೆರಳಲ್ಲಿ ನುಣ್ಣಗೆ ಸವರಿದ್ದಾರೆ. ಕೂಸಿಗೆ ಹಾಸಿಗೆ ಮಾಡಿದ ಹಾಗೆ. ಆ ಸವರಿದ ಜಾಗ ಮೂಸು.”

“ಮದಾಮ್, ದಯವಿಟ್ಟು —”

“ಮೂಸು, ಬ್ಲೇಸ್.”

ಶಿಲುಬೆಯ ಗುರುತು ಹಾಕಿಕೊಂಡು ಬಾಗಿದೆ. ಮೊದಲು ಕಮಟು. ಆಮೇಲೂ ಕಮಟು. ಅದರ ಹಿಂದೆ, ತೆಳ್ಳಗೆ, ಚಳಿಯ ಹಾಗೆ ಇನ್ನೊಂದು.

“ಕರ್ಪೂರ,” ಎಂದೆ. “ನೆಗಡಿಯಾದಾಗ ಅಜ್ಜಿ ಎದೆಗೆ ತಿಕ್ಕುತ್ತಿದ್ದ ಮುಲಾಮಿನದು.”

“ಬೇರೆ ಭರಣಿಯಲ್ಲಿ?”

ಮತ್ತೆ ಆರಕ್ಕೂ ಮೂಗಿಟ್ಟೆ. ಇರಲಿಲ್ಲ.

ಓನೊರಿನ್ ಪಟ್ಟಿ ಕಟ್ಟುವ ಕೋಣೆಯಲ್ಲಿ ಮೇಜಿನ ಮುಂದೆ ಕುಳಿತಿದ್ದಳು. ಕೈ ಅಭ್ಯಾಸಬಲದಿಂದ ಗಂಟು ಹಾಕುತ್ತಲೇ ಇತ್ತು.

“ಕೈ ತೋರಿಸಮ್ಮ,” ಎಂದರು ಅರ್ಮಾಂದ್. “ಬ್ಲೇಸ್?”

ಮೂಸಿದೆ. ಏನೂ ಇಲ್ಲ. ಸೋಪಿನ ವಾಸನೆಯೂ ಇಲ್ಲ.

“ಚೌಕಟ್ಟು ಮುಟ್ಟೋರು ವಾಸನೆ ಇರೋ ಸೋಪು ಹಾಕಬಾರದು,” ಎಂದಳು ಓನೊರಿನ್. “ಬೆಳ್ಳುಳ್ಳಿ ತಿನ್ನಬಾರದು. ಗಂಡನ ತಂಬಾಕಿನ ಕೋಟು ಮುಟ್ಟಬಾರದು. ಅಮ್ಮ ಹೇಳಿಕೊಟ್ಟಿದ್ದು. ನನ್ನನ್ನ ಆ ಕೋಣೆಯಿಂದ ಆಚೆ ಹಾಕಿದ ಮೇಲೂ ಹಾಗೇ ಇದ್ದೀನಿ. ಯಾರಿಗ್ಗೊತ್ತು, ಮತ್ತೆ ಕರೀಬಹುದು ಅಂತ.”

“ಯಾಕೆ ಆಚೆ ಹಾಕಿದ್ರು?”

“ಒಂದು ಮಾತು ಜಾಸ್ತಿ ಆಡಿದೆ.”

“ಯಾವ ಮಾತು?”

ಅವಳು ಪಟ್ಟಿಯ ತುದಿ ಕತ್ತರಿಸಿದಳು. “ಸಿಲ್ವೇರನ್ನೇ ಕೇಳಿ. ನಾನು ಸಾಕಿದ ಹುಡುಗ. ಅವನ ಮೇಲೆ ನಾನು ದೂರು ಹೇಳಲ್ಲ.”

“ಅವನು ನಿನ್ನ ಮೇಲೆ ಹೇಳಿದ್ದಾನಲ್ಲ?”

“ಅದು ಅವನಿಗೆ ಬಿಟ್ಟಿದ್ದು.” ಇನ್ನೊಂದು ಪಟ್ಟಿ ಎತ್ತಿಕೊಂಡಳು. “ಮದಾಮ್, ಒಂದು ಭರಣಿ ಹೋದ್ರೆ ಹೋಗಲಿ. ಉಳಿದ ಆರಾದ್ರೂ ಚೆನ್ನಾಗಿವೆ ತಾನೇ?”

ಅರ್ಮಾಂದ್ ಇಲ್ಲವೆಂದು ತಲೆಯಾಡಿಸಿದರು.

“ಏಳೂನಾ?” ಓನೊರಿನ್ ಕೈಯ ಕತ್ತರಿ ಮೇಜಿನ ಮೇಲೆ ಬಿತ್ತು. “ಏಳೂ?” ತನ್ನ ಹೆಸರು ಹೋದದ್ದಕ್ಕೆ ಅಳದವಳು ಈಗ ಅತ್ತಳು. “ಅಮ್ಮನ ಚೌಕಟ್ಟು ಅವು. ಸಾಯೋ ಮೊದಲು ಒಂದೇ ಒಂದು ಸಲ ತುಂಬಿ ನೋಡಬೇಕು ಅಂತಿದ್ದೆ.”

ಅಂಗಳದಲ್ಲಿ ಅತಿಥಿಗಳಿಗೆ ವೈನ್ ಸುರಿಯುತ್ತಿದ್ದರು. ಗೋಡೆಯಷ್ಟು ಎತ್ತರದ ಚಿತ್ರವೊಂದನ್ನು ತೂಗುಹಾಕಿತ್ತು. ಚೌಕಟ್ಟಿನ ಕೊಬ್ಬಿನ ಮೇಲೆ ಸಾಲಾಗಿ ಮಲಗಿದ ಜಾಜಿ, ಎಸಳೆಸಳಿನ ಮೇಲೆ ನೀರಿನ ಹನಿ, ಹನಿಯಲ್ಲಿ ಮಿನುಗುವ ಬೆಳಕು. ಕೆಳಗೆ ‘ಮೊರೆಸ್ತಿಯೇ — ಅಜ್ಜಿಯರ ಕೈಯಿಂದ’ ಎಂಬ ಬರಹ. ಆ ಅಜ್ಜಿಯರಲ್ಲಿ ಬದುಕಿದ್ದ ಒಬ್ಬಳು ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕ್ಲೇಲಿಯಾ ನಿಂಬೆ ಚೂರು ಚೀಪುತ್ತ ನಿಂತಿದ್ದಳು. ಮನೆಯ ಪ್ರಚಾರವೆಲ್ಲ ಅವಳದೇ. “ನನ್ನ ಮುಖ ನೋಡಬೇಡಿ, ಮದಾಮ್. ನಲವತ್ತು ಜನರ ಗುಲಾಬಿ ಮೇಲೆ ಕಕ್ಕಿದವಳು ನಾನು. ಪ್ಯಾರಿಸ್ಸಲ್ಲಿ ಇನ್ನು ನನ್ನನ್ನ ‘ಗುಲಾಬಿ’ ಅಂತಾನೇ ಕರೀತಾರೆ.”

“ಸಿಲ್ವೇರ್ ಕಕ್ಕಲಿಲ್ಲ.”

“ಅವನಾ? ಅವನದು ಕಲ್ಲು. ಬೆಳಿಗ್ಗೆ ಸಿಕ್ಕಾಗ ಎಲ್ಲರ ಹಾಗೆ ಕೆನ್ನೆಗೆ ಕೆನ್ನೆ ತಾಗಿಸಿ ನಮಸ್ಕಾರಾನೂ ಹೇಳಲಿಲ್ಲ. ದೂರದಿಂದ್ಲೇ ತಲೆ ಅಲ್ಲಾಡಿಸಿದ. ಇವತ್ತು ದೊಡ್ಡ ಮನುಷ್ಯ ಅಲ್ವಾ!”

“ನನ್ನ ತಮ್ಮನಿಗೂ ಹಾಗೇ ಮಾಡಿದ,” ಎಂದರು ಅರ್ಮಾಂದ್. “ಈ ಊರಲ್ಲಿ ಸಾಲಗಾರನೂ ಕೆನ್ನೆ ಕೊಡ್ತಾನೆ. ಈ ಚಿತ್ರ ಯಾವಾಗ ತೆಗೆದದ್ದು?”

“ಸೆಪ್ಟೆಂಬರ್ ಮೊದಲಲ್ಲಿ. ಹನ್ನೆರಡು ದಿನ ತೆಗೆದೆ, ಎಲ್ಲಾ ಚೌಕಟ್ಟೂ. ಚೆನ್ನಾಗಿಲ್ವಾ?”

“ತುಂಬಾ ಚೆನ್ನಾಗಿದೆ.” ಅರ್ಮಾಂದ್ ಅದನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದರು. “ಬ್ಲೇಸ್, ನಾನು ಸಮುದ್ರದ ಊರವಳು. ಹೂವಿನ ಕೆಲಸ ನಂಗೆ ಗೊತ್ತಿಲ್ಲ. ನಿನ್ನ ಅಜ್ಜಿ ಜಾಜಿ ಬಿಡಿಸ್ತಾ ಏನೋ ಹಾಡೋಳು ಅಂದಿದ್ದೆಯಲ್ಲ?”

“ಹೌದು. ಬಿಡಿಸೋರೆಲ್ಲ ಹಾಡ್ತಿದ್ರು.”

“ಹೇಳು.”

ಅಜ್ಜಿಯ ಸೊಂಟಕ್ಕೆ ಕಟ್ಟಿದ ಬುಟ್ಟಿಯ ಪಕ್ಕದಲ್ಲಿ ನಡೆಯುತ್ತ ಕೇಳಿದ್ದು. ಎಷ್ಟೋ ಸಲ ಪ್ರಾರ್ಥನೆ ಮುಗಿದ ಮೇಲೂ ಅದೇ ನಾಲಗೆಗೆ ಬರುತ್ತದೆ. ಕಣ್ಣು ಮುಚ್ಚಿ ಹೇಳಿದೆ:

ಹನಿಯಿರುವ ಹೂವನ್ನು ಹಾಸದಿರು ಮಗಳೇ
ಹನಿಯೊಂದು ಹೊಕ್ಕರೆ ಹದಗೆಡುವ — ಕೊಬ್ಬಿಗೆ
ನೆನಪುಂಟು, ಮರೆವು ಇರದವ್ವ

ಕಣ್ಣು ಬಿಟ್ಟೆ. ಎದುರಿಗೆ ಗೋಡೆಯಷ್ಟು ದೊಡ್ಡ ಹನಿ. ಬೆಳಗಿನಿಂದ ಹತ್ತು ಸಲ ಅದರ ಕೆಳಗೇ ಓಡಾಡಿದ್ದೆ. ಚೆಂದ ಎಂದುಕೊಂಡಿದ್ದೆ. ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

“ಸರಿ,” ಎಂದರು ಅರ್ಮಾಂದ್. “ಈಗ ಅಡುಗೆಮನೆಗೆ ಹೋಗು. ಅಡುಗೆಯವನ ಹತ್ತಿರ ಬಾತುಕೋಳಿ ಕೊಬ್ಬು ಇಸ್ಕೊಂಡು ಬಾ. ಒಳ್ಳೇದು, ಹೊಸದು. ಒಂದು ಖಾಲಿ ಭರಣಿಗೆ ಹಾಕು. ಬಾಯಿಗೆ ಬಟ್ಟೆ ಕಟ್ಟು.”

ಅಡುಗೆಯವನು ನಕ್ಕ. “ಆಲೂಗೆಡ್ಡೆ ಹುರಿಯೋಕೆ ಬೆಳ್ಳುಳ್ಳಿ ಹಾಕಿ ಕಾಸಿ ಸೋಸಿದ್ದು ಇದು. ಪಾದ್ರಿಗಳಿಗೆ ಅಷ್ಟು ಹಸಿವಾ?”

ಗಂಟೆ ಮುಗಿಯುವ ಮೊದಲೇ ಲಾಂಗ್ಲಾದನ ಕೋಣೆಯಲ್ಲಿ ಎಲ್ಲರೂ ಸೇರಿದೆವು — ಲಾಂಗ್ಲಾದ್, ಸಿಲ್ವೇರ್, ಕ್ಲೇಲಿಯಾ, ಪಾದ್ರಿಗಳು, ಬಾಗಿಲ ಬಳಿ ಓನೊರಿನ್. ನಾನು ಭರಣಿಯನ್ನು ಮೇಜಿನ ಮೇಲಿಟ್ಟೆ.

“ಮೊಸ್ಯು ಸಿಲ್ವೇರ್,” ಎಂದರು ಅರ್ಮಾಂದ್, “ಉಳಿದ ಭರಣಿ ಬಿಚ್ಚಿಸಿದೆ. ನಂಗಂತೂ ಮೂಗಿಲ್ಲ. ಗ್ರಾಸ್‌ನ ಮೂಗು ನೀವು. ಇದೊಂದನ್ನ ನೋಡಿ ಹೇಳಿ — ಉಳಿದಿದೆಯಾ, ಹೋಗಿದೆಯಾ?”

ಬಟ್ಟೆ ಬಿಚ್ಚಿದೆ. ಬೆಳ್ಳುಳ್ಳಿ ಹಾಕಿ ಕಾಸಿದ ಕೊಬ್ಬಿನ ಪರಿಮಳ ಮೇಲೆದ್ದಿತು. ಅಷ್ಟು ಹೇಸಿದ್ದ ನನ್ನ ಹೊಟ್ಟೆ ಕೂಡ ಗುರ್ ಎಂದಿತು. ಕ್ಲೇಲಿಯಾ ಹುಬ್ಬೇರಿಸಿದಳು. ಪಾದ್ರಿಗಳು ತುಟಿ ಸವರಿಕೊಂಡರು.

ಸಿಲ್ವೇರ್ ಬಾಗಿದ. ದೀರ್ಘವಾಗಿ ಉಸಿರೆಳೆದ. ಮುಖ ಸಿಂಡರಿಸಿದ.

“ಥೂ! ಇದೂ ಕೊಳೆತುಹೋಗಿದೆ.”

ಪಾದ್ರಿಗಳು ಅಕ್ಕನ ಮುಖ ನೋಡಿದರು.

“ಸಿಲ್ವೇರ್,” ಎಂದಳು ಓನೊರಿನ್, ಮೆಲ್ಲಗೆ. “ಅದು ಊಟದ್ದು ಕಣೋ.”

ಅವನ ಮುಖದಿಂದ ರಕ್ತ ಇಳಿಯಿತು. “ನಂಗೆ… ನಂಗೆ ನೆಗಡಿ.”

“ನೆಗಡಿ?” ಅರ್ಮಾಂದ್ ಕುರ್ಚಿ ಎಳೆದುಕೊಂಡು ಕೂತರು. “ಮೂಗನ್ನೇ ನಂಬಿ ಬದುಕೋನು ನೆಗಡಿಯಾದ್ರೆ ಊರಿಗೆಲ್ಲ ಡಂಗುರ ಹೊಡೀತಾನೆ. ನೀವು ಯಾರಿಗೂ ಹೇಳಲಿಲ್ಲ. ಮೂಗಿನ ಕೆಳಗೆ ಇನ್ನೂ ಮಿಣುಗುತ್ತಾ ಇದೆಯಲ್ಲ, ಅದೇನು? ಕರ್ಪೂರದ ಮುಲಾಮು. ಹೆಣ ಕೊಯ್ಯೋ ಡಾಕ್ಟರು ಹಚ್ಚಿಕೊಳ್ಳೋದು ನಾನು ನೋಡಿದ್ದೀನಿ. ಹಚ್ಚಿಕೊಂಡ್ರೆ ಬೇರೆ ಯಾವ ವಾಸನೆಯೂ ಹತ್ತಲ್ಲ. ಯಾರಿಗಾದ್ರೂ ಗೊತ್ತಾದೀತು ಅಂತ್ಲೇ ಬೆಳಿಗ್ಗೆ ಕೆನ್ನೆಗೆ ಕೆನ್ನೆ ಕೊಡಲಿಲ್ಲ.”

“ಹಚ್ಚಿಕೊಂಡ್ರೆ ಅಪರಾಧವಾ?”

“ಮಳೆ ಬರುತ್ತೆ ಅಂತ ಗೊತ್ತಿದ್ದೋನು ಮಾತ್ರ ಕೊಡೆ ತಗೊಂಡು ಹೊರಡ್ತಾನೆ. ಭರಣಿ ಬಿಚ್ಚೋವರೆಗೂ ಅದರಲ್ಲಿ ಜಾಜಿ ಇದೆ ಅಂತ ನಂಬಿದ್ವಿ ನಾವೆಲ್ಲ. ನಾತ ಇದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಎಲ್ಲರೂ ಹಿಂದೆ ಹಾರಿದಾಗ ಊರಿನ ಅತಿ ಸೂಕ್ಷ್ಮ ಮೂಗೇ ಭರಣಿಯ ಮೇಲೆ ಬಾಗಿ ನಿಂತಿತ್ತು. ಬ್ಲೇಸ್ ಅದನ್ನ ಧೈರ್ಯ ಅಂದುಕೊಂಡ.”

ನಾನು ತಲೆ ತಗ್ಗಿಸಿದೆ.

“ಇಲಿ ಇಟ್ಟಾಗಲೂ ಹಾಗೇ ಹಚ್ಚಿಕೊಂಡಿದ್ರಿ. ಅದೇ ಬೆರಳಿನಲ್ಲಿ ಇಲಿ ಸುತ್ತ ಸವರಿದ್ರಿ. ಮುಟ್ಟಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳೋದೇ ಕೊಬ್ಬಿನ ಗುಣ. ಅದನ್ನ ನಂಬಿಯೇ ಈ ಮನೆ ನಿಂತಿರೋದು. ಇಲಿ ಇದ್ದ ಜಾಗದಲ್ಲಿ ಮಾತ್ರ ಕರ್ಪೂರ ಇದೆ. ಓನೊರಿನ್ ಕೈಯಲ್ಲಿ ಏನೂ ಇಲ್ಲ.”

“ಆದ್ರೆ ಯಾಕೆ?” ಎಂದ ಲಾಂಗ್ಲಾದ್. “ತನ್ನ ಕೆಲಸ ತಾನೇ ಯಾಕೆ ಹಾಳು ಮಾಡ್ತಾನೆ?”

“ಇಲಿ ಹಾಳು ಮಾಡಲಿಲ್ಲ. ಕೊಬ್ಬು ವಾರಗಟ್ಟಲೆ ಮೊದಲೇ ಸತ್ತಿತ್ತು. ಆ ಸಾವಿಗೆ ಒಂದು ಕಾರಣ ಬೇಕಿತ್ತು, ಇಲಿ ತಂದ್ರು. ಇಲಿಗೆ ಒಂದು ಕೈ ಬೇಕಿತ್ತು, ಚಿಕ್ಕಮ್ಮ ಸಿಕ್ಕಿದಳು.” ಅರ್ಮಾಂದ್ ಕಿಟಕಿಯ ಕಡೆ ಬೆರಳು ಮಾಡಿದರು. “ಕೊಂದಿದ್ದು ಅಂಗಳದಲ್ಲಿ ತೂಗಾಡ್ತಾ ಇದೆ. ಕ್ಲೇಲಿಯಾ, ಆ ಹನಿ ಇಬ್ಬನಿಯದಾ?”

“ಅಯ್ಯೋ, ಇಲ್ಲ. ಹೂ ಬರೋವಾಗ ಒಣಗಿರ್ತಿತ್ತು. ಚಿತ್ರದಲ್ಲಿ ಸತ್ತ ಹಾಗೆ ಕಾಣ್ತಿತ್ತು. ಬಾಟಲಿಯಲ್ಲಿ ನೀರು ಚಿಮುಕಿಸಿದ್ವಿ. ಸಿಲ್ವೇರ್‌ನ ಕೇಳಿದೆ, ‘ಧಾರಾಳವಾಗಿ’ ಅಂದ…” ಅವಳ ಮಾತು ನಿಂತಿತು. “ಮದಾಮ್ ಓನೊರಿನ್ ಬಂದು ನನ್ನ ಕೈಯಿಂದ ಬಾಟಲಿ ಕಿತ್ಕೊಂಡ್ರು. ಮರುದಿನವೇ ಅವರನ್ನ ಪಟ್ಟಿ ಕಟ್ಟೋಕೆ ಹಾಕಿದ್ರು.”

“ಒದ್ದೆ ಹೂ ಬಿದ್ದ ಕೊಬ್ಬು ಕಮಟಾಗುತ್ತೆ. ಇದು ಬುಟ್ಟಿ ಹೊತ್ತ ಪ್ರತಿ ಹೆಂಗಸಿಗೂ ಗೊತ್ತು. ಈ ಮೂಗಿಗೂ ಗೊತ್ತು, ಓನೊರಿನ್ ಕಲಿಸಿದ್ದು. ಆದ್ರೂ ಚಿತ್ರ ಚೆನ್ನಾಗಿ ಬರಲಿ ಅಂತ ಹನ್ನೆರಡು ದಿನ ನೀರು ಹಾಕಿಸಿದ. ಕೆಟ್ಟದ್ದು ಗೊತ್ತಾದಾಗ ಹೇಳೋಕೆ ಬಾಯಿ ಬರಲಿಲ್ಲ. ಸಾಕಿದವಳ ಕೊರಳಿಗೆ ಸತ್ತ ಇಲಿ ಕಟ್ಟೋಕೆ ಮಾತ್ರ ಕೈ ಬಂತು.”

ಸಿಲ್ವೇರ್ ಕುಸಿದು ಕುಳಿತ. ಅಲ್ಲಗಳೆಯಲಿಲ್ಲ. ಕರವಸ್ತ್ರ ತೆಗೆದು ಮೂಗಿನ ಕೆಳಗೆ ಒರೆಸಿಕೊಂಡ, ಒರೆಸುತ್ತಲೇ ಇದ್ದ. ಕೆಳಗಿನ ನಾತಕ್ಕಿಂತ ಅದನ್ನು ನೋಡುವುದೇ ನನಗೆ ಕಷ್ಟವಾಯಿತು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ.

ಲಾಂಗ್ಲಾದ್ ಹೋಗಿ ಬಾಗಿಲು ಮುಚ್ಚಿದ. ತಿರುಗಿದಾಗ ಅವನ ಮುಖದಲ್ಲಿ ನಗುವಿತ್ತು.

“ನೋಡಿ, ಅಂಗಳದಲ್ಲಿ ಜನ ಕಾಯ್ತಾ ಇದ್ದಾರೆ. ಆರು ಭರಣಿಯನ್ನ ಮದ್ಯಸಾರದಲ್ಲಿ ತೊಳೆದ್ರೆ ನಾತ ಅರ್ಧ ಹೋಗುತ್ತೆ. ಉಳಿದದ್ದಕ್ಕೆ ಪ್ರಯೋಗಾಲಯದ ಜಾಜಿ ಸುರಿದ್ರಾಯ್ತು. ಕೊಳ್ಳೋರಿಗೆ ಎಲ್ಲಿ ಗೊತ್ತಾಗುತ್ತೆ? ಅವರು ಕೊಳ್ಳೋದು ಕಥೆ. ಕೆಟ್ಟದ್ದು ಒಂದೇ ಭರಣಿ ಅಂತಿಟ್ಟುಕೊಳ್ಳೋಣ.”

“ಆ ಕೊಬ್ಬನ್ನ ಜನ ಕೊರಳಿಗೆ ಹಚ್ಚಿಕೊಳ್ಳಬೇಕಾ?” ಎಂದರು ಪಾದ್ರಿಗಳು.

ಲಾಂಗ್ಲಾದ್ ಕೇಳಿಸಿಕೊಳ್ಳಲಿಲ್ಲ. ಓನೊರಿನ್ ಮುಂದೆ ಹೋಗಿ ನಿಂತ. “ಮದಾಮ್, ನಿಮಗೆ ಅನ್ಯಾಯ ಆಗಿದೆ. ಸರಿ ಮಾಡ್ತೀನಿ. ಮುಂದಿನ ಆಗಸ್ಟಿಂದ ಚೌಕಟ್ಟಿನ ಕೋಣೆ ಪೂರ್ತಿ ನಿಮ್ಮದು. ನಿಮ್ಮಮ್ಮನ ಹೆಸರು ಬಾಗಿಲ ಮೇಲೆ ಬರೆಸ್ತೀನಿ. ನೀವು ಮಾಡಬೇಕಾದ್ದು ಇಷ್ಟೇ. ಅಂಗಳಕ್ಕೆ ಬಂದು, ಇಲಿ ತಾನಾಗೇ ಬಿತ್ತು, ಉಳಿದ ಆರನ್ನೂ ನಾನೇ ನೋಡಿದ್ದೀನಿ, ಚೆನ್ನಾಗಿವೆ ಅಂತ ಹೇಳಿ. ನಿಮ್ಮ ಮಾತು ಊರು ನಂಬುತ್ತೆ.”

ಓನೊರಿನ್ ಕಣ್ಣು ಒಮ್ಮೆ ಹೊಳೆದದ್ದು ನಿಜ. ಎಪ್ಪತ್ತೊಂದು ವರ್ಷ. ಇನ್ನೆಷ್ಟು ಆಗಸ್ಟ್ ಉಳಿದಿವೆ? ಅವಳ ಬೆರಳುಗಳು ಏಪ್ರನ್ನಿನ ಮೇಲೆ, ಇಲ್ಲದ ಹೂವನ್ನು ಹಾಸುವ ಹಾಗೆ ಒಂದೊಂದಾಗಿ ಅಲುಗಿದವು.

“ಚಿಕ್ಕಮ್ಮ,” ಎಂದ ಸಿಲ್ವೇರ್. ಅವನು ಅಳುತ್ತಿದ್ದ. “ಇದೊಂದು ಸಲ. ನನಗೋಸ್ಕರ. ಬೇಡ್ಕೋತೀನಿ.”

ಅವಳು ಅವನ ಹತ್ತಿರ ಹೋದಳು. ಅವನ ಕೈಯಿಂದ ಕರವಸ್ತ್ರ ತೆಗೆದುಕೊಂಡು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೆಯೇ ಅವನ ಮೂಗಿನ ಕೆಳಗೆ ಉಳಿದಿದ್ದ ಮುಲಾಮನ್ನು ಪೂರ್ತಿ ಒರೆಸಿದಳು. ಆಮೇಲೆ ಬಾಗಿಲು ತೆರೆದಳು. ಕೆಳಗಿನ ನಾತ ಮೆಟ್ಟಿಲೇರಿ ಕೋಣೆಯೊಳಗೆ ನುಗ್ಗಿತು. ಸಿಲ್ವೇರ್ ಬಾಯಿಗೆ ಕೈ ಅಡ್ಡ ಹಿಡಿದು ಓಕರಿಸಿದ.

“ಇಲ್ಲ,” ಎಂದಳು ಓನೊರಿನ್. “ಚೆನ್ನಾಗಿವೆ ಅಂತ ನಾನು ಹೇಳಲ್ಲ.”